ಹಿಂದಿನ ಚಕ್ರಕ್ಕೆ ಕಾರಿನ ಟೈರು

"ಎಲ್ರೂ ಹಿಂದಕ್ ಸರೀರಿ! ಮುಖ ಈ ಕಡೆ ತರಬ್ಯಾಡ್ರಿ!" ಎಂದು ಕೂಗಿದ ಜಂಪಣ್ಣ, ತಾನು ಮಾತ್ರ ಅರ್ಧ ಮೈಯನ್ನು ಕಂಬದ ಮರೆಗೆ ಇಟ್ಟು, ಇನ್ನರ್ಧವನ್ನು ಹೊರಗೇ ಬಿಟ್ಟುಕೊಂಡು ನಿಂತ.

ಚಕ್ರ ಅಂಗಡಿಯ ಮುಂದಿನ ಸಿಮೆಂಟು ನೆಲದ ಮೇಲೆ ಅಂಗಾತ ಬಿದ್ದಿತ್ತು. ಚಕ್ರ ಬೈಕಿನದು, ಅದಕ್ಕೆ ತೊಡಿಸಿದ್ದ ಟೈರು ಕಾರಿನದು. ಅಂಚಿಗೆ ಸವರಿದ್ದ ಸೋಪಿನ ನೀರು ಬುಸಬುಸನೆ ನೊರೆ ಕಾರುತ್ತಿತ್ತು. ಗಾಳಿ ಮೀಟರಿನ ಮುಳ್ಳು ನಲವತ್ತು ದಾಟಿತು, ನಲವತ್ತೈದಕ್ಕೆ ಬಂತು. ಟೈರು ಉಬ್ಬಿತೇ ಹೊರತು ಜಾಗ ಬಿಟ್ಟು ಕದಲಲಿಲ್ಲ.

ಕಾರಿನ ಟೈರು ಬೈಕಿನ ರಿಮ್ಮಿಗೆಂದು ಹುಟ್ಟಿದ್ದಲ್ಲ. ಅಳತೆ ಒಂದೇ ಎಂದು ಬರೆದಿದ್ದರೂ ಕೂದಲೆಳೆಯಷ್ಟು ಬಿಗಿ ಇರುತ್ತದೆ. ಅದರ ಅಂಚನ್ನು ರಿಮ್ಮಿನ ಅಂಚಿಗೆ ಹತ್ತಿಸಬೇಕಾದರೆ ಮಾಮೂಲಿಗಿಂತ ಎರಡರಷ್ಟು ಗಾಳಿ ತುಂಬಬೇಕು. ಹತ್ತಿತೋ, ಟಪ್ ಎಂದು ಸದ್ದಾಗುತ್ತದೆ, ಕೆಲಸ ಮುಗಿಯಿತು. ಹತ್ತದೆ ಅಂಚಿನೊಳಗಿನ ಉಕ್ಕಿನ ತಂತಿ ಹರಿಯಿತೋ, ಆಗ ಆಗುವ ಸದ್ದು ಬೇರೆ. ಹತ್ತಿರ ನಿಂತಿದ್ದವರನ್ನು ಆಮೇಲೆ ಆಸ್ಪತ್ರೆಯಲ್ಲಿ ನೋಡಬೇಕು.

ಪಕ್ಕದ ಚಹಾದಂಗಡಿಯ ತಗಡಿನ ನೆರಳಲ್ಲಿ ನಿಂತಿದ್ದ ಆಶಾರಾಣಿ, ಹತ್ತದಿದ್ದರೆ ಸಾಕಪ್ಪಾ ಎಂದು ತೇರುಮಲ್ಲೇಶ್ವರನನ್ನು ಬೇಡುತ್ತಿದ್ದಳು. ಹಿರಿಯೂರಿನ ದೇವರೆಂದು ಆ ಹೊತ್ತಿಗೆ ನೆನಪಿಗೆ ಬಂದವನು ಅವನೊಬ್ಬನೇ. ಗಂಡ ಹಿಡಿದ ಕೆಲಸ ಕೆಡಲಿ ಎಂದು ಹರಕೆ ಹೊರುವ ಹೆಂಡತಿಯನ್ನು ಆ ದೇವರೂ ಅಪರೂಪಕ್ಕೆ ಕಂಡಿರಬೇಕು.

ಗಂಡ ಕಿರಣ್‌ಕುಮಾರ್ ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದ. ಕಣ್ಣು ಕೆಂಪಗಿದ್ದವು. ಚಿತ್ರದುರ್ಗದ ಗುಡ್ಡದ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಕೆಲಸ ಅವನದು. ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದವನು ಸ್ನಾನ ಮಾಡಿ, ಎರಡು ರೊಟ್ಟಿ ತಿಂದು, "ನಡಿ ಹೋಗಾಣ" ಎಂದು ಹೊರಟಿದ್ದ. ಸೋಮವಾರ ಬೈಕಿನ ಮೇಲೆ ಗಂಡಹೆಂಡತಿ ಕಾಶಿಗೆ ಹೊರಡಬೇಕು. ಅಷ್ಟರೊಳಗೆ ಈ ಟೈರು ಕೂರಬೇಕು. ಕೂತರೆ ಆಶಾ ಅವನ ಬೆನ್ನಿಗೆ ಅಂಟಿಕೊಂಡು ಕಾಶಿಯವರೆಗೆ ಹೋಗಬೇಕು, ಅಲ್ಲಿಂದ ವಾಪಸ್ಸೂ ಬರಬೇಕು. ಬರುತ್ತೇವೆ ಎಂಬ ನಂಬಿಕೆಯೇ ಅವಳಿಗಿರಲಿಲ್ಲ.

ಚಿತ್ರದುರ್ಗದ ಟೈರಿನಂಗಡಿಯವರೆಲ್ಲ ಆಗಲ್ಲ ಎಂದು ಕೈಯಾಡಿಸಿದ್ದರು. "ಸಾರ್, ಕಾರಿನ ಟೈರು ಚಪ್ಪಟೆ. ಬೈಕು ತಿರುವಿನಾಗೆ ಬಗ್ಗಬೇಕು, ಇದು ಬಗ್ಗಗೊಡಲ್ಲ" ಎಂದು ಒಬ್ಬ ಹೇಳಿದ್ದ. ಇನ್ನೊಬ್ಬ ಏನೂ ಹೇಳದೆ ನಕ್ಕಿದ್ದ. ಆಗ ಯಾರೋ ಹೇಳಿದ ಹೆಸರು ಹಿರಿಯೂರು ಬೈಪಾಸಿನ ಜಂಪಣ್ಣನದು. ಟ್ರ್ಯಾಕ್ಟರಿನ ಟೈರನ್ನು ಎತ್ತಿನ ಗಾಡಿಗೆ ಹಾಕಿದವನು, ಜೆಸಿಬಿಯ ಟ್ಯೂಬಿನಲ್ಲಿ ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿಗೆ ತೆಪ್ಪ ಕಟ್ಟಿಕೊಟ್ಟವನು. "ನಮ್ಮಂಗ್ಡೀಲಿ ಆಗಲ್ಲ ಅನ್ನೋ ಮಾತಿಲ್ಲ ಸಾರ್. ಆ ಮಾತು ಬೇಕಂದ್ರೆ ಮುಂದ್ಲಂಗ್ಡಿಗೆ ಹೋಗ್ರಿ" ಎನ್ನುವುದು ಅವನು ಬಂದವರಿಗೆಲ್ಲ ಹೇಳುವ ಮೊದಲ ಮಾತು. ಇವರಿಗೂ ಹೇಳಿದ್ದ. ಕೇಳಿ ಕಿರಣನ ಮುಖ ಅರಳಿತ್ತು, ಆಶಾಳ ಎದೆ ಧಸಕ್ಕೆಂದಿತ್ತು.

ಕಿರಣ ಹಿಡಿದ ಹಟಕ್ಕೆ ಕಾರಣವಿತ್ತು. ಕಾರಿನ ಟೈರಿನ ಗೋಡೆ ದಪ್ಪ, ಮುಳ್ಳು ಮೊಳೆಗೆ ಜಗ್ಗುವುದಿಲ್ಲ, ಮುಖ್ಯವಾಗಿ ಸಿಡಿಯುವುದಿಲ್ಲ ಎಂದು ಅವನು ಹೊರದೇಶದವರ ವಿಡಿಯೋಗಳಲ್ಲಿ ನೋಡಿದ್ದ. ಸಿಡಿಯದ ಟೈರು ಬೇಕಿತ್ತು ಅವನಿಗೆ. ಯಾಕೆಂದರೆ ಹೋದ ವರ್ಷ ರಾಮಗಿರಿಯ ಹತ್ತಿರ ಹಿಂದಿನ ಟೈರು ಸಿಡಿದು ಇಬ್ಬರೂ ರಸ್ತೆಯ ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ಎಸೆಯಲ್ಪಟ್ಟಿದ್ದರು. ಅವನಿಗೆ ತಲೆಗೆ ಪೆಟ್ಟಾಗಿ ಎರಡು ದಿನ ಎಚ್ಚರವಿರಲಿಲ್ಲ. ಅವಳ ಬಲಗಡೆ ಹೆಗಲಿನ ಮೂಳೆ ಮುರಿದು ಒಳಗೆ ತಗಡು ಕೂರಿಸಿದ್ದರು. ಬ್ಲೌಸು ಹೊಲಿದು ಹೆಸರು ಮಾಡಿದ ಕೈ ಈಗ ಕತ್ತರಿ ಹಿಡಿದರೆ ಹೆಗಲವರೆಗೆ ಸೆಳೆಯುತ್ತದೆ.

ಹಾಗೆಂದು ಊರಿಗೆಲ್ಲ ಗೊತ್ತು. ಕಿರಣನಿಗೂ ಅಷ್ಟೇ ಗೊತ್ತು. ನಿಜ ಗೊತ್ತಿದ್ದವಳು ಆಶಾ ಒಬ್ಬಳೇ. ಟೈರು ಸಿಡಿದಿರಲಿಲ್ಲ.

ಅವತ್ತೂ ಅವನು ರಾತ್ರಿಪಾಳಿ ಮುಗಿಸಿ ಬಂದು, ಹೊಳಲ್ಕೆರೆಯ ಅಕ್ಕನ ಮನೆಯ ನಾಮಕರಣಕ್ಕೆ ಅವಳನ್ನು ಕೂರಿಸಿಕೊಂಡು ಹೋಗಿದ್ದ. ಮಧ್ಯಾಹ್ನ ಹೋಳಿಗೆ ಊಟ. ಊಟವಾದ ಮೇಲೆ ರಾಮಗಿರಿಯಲ್ಲಿ ಗೆಳೆಯನೊಬ್ಬನನ್ನು ನೋಡಿ ಬರೋಣವೆಂದು ಹೊರಟರು. ರೈಲ್ವೆ ಸ್ಟೇಷನ್ ದಾಟಿದ ಮೇಲೆ ಅವಳ ಕೈಯ ಕೆಳಗೆ ಅವನ ಬೆನ್ನು ಸಡಿಲವಾಯಿತು. ಹೆಲ್ಮೆಟ್ಟು ಮುಂದಕ್ಕೆ ವಾಲಿತು. "ರೀ" ಎಂದಳು. "ರೀ!" ಎಂದು ಕಿರುಚಿದಳು. ಬೈಕು ಯಾವ ಅವಸರವೂ ಇಲ್ಲದೆ, ಎತ್ತು ಮೇವಿನ ಕಡೆ ಹೋದ ಹಾಗೆ ರಸ್ತೆ ಬಿಟ್ಟು ಇಳಿದು, ರಾಶಿ ಹಾಕಿದ್ದ ಜಲ್ಲಿಗೆ ಹೊಡೆಯಿತು. ಟೈರು ಒಡೆದದ್ದು ಆಮೇಲೆ.

ಆಸ್ಪತ್ರೆಗೆ ಓಡಿಬಂದ ಅತ್ತೆ ದಾಕ್ಷಾಯಣಮ್ಮ ಮಂಚದ ಕಾಲು ಹಿಡಿದು, "ಏನಾಯ್ತಮ್ಮಾ ನನ್ ಮಗಂಗೆ?" ಎಂದು ಕೇಳಿದಾಗ ಆಶಾಳ ಬಾಯಿಗೆ ನಿಜವೇ ಬಂದಿತ್ತು. ಆದರೆ ಆ ಮನೆಯಲ್ಲಿ ಒಂದು ಮಾತಿಗೆ ಬಾಗಿಲಿರಲಿಲ್ಲ. ಮಾವ ತಿಮ್ಮರಾಯಪ್ಪ ಲಾರಿ ಡ್ರೈವರ್. ಕಿರಣ ಹೈಸ್ಕೂಲಿನಲ್ಲಿದ್ದಾಗ, ಶಿರಾದ ಆಚೆ ಬೆಳಗಿನ ಜಾವ ಸ್ಟೇರಿಂಗಿನ ಮೇಲೆಯೇ ನಿದ್ದೆಹೋಗಿ ಲಾರಿಯ ಸಮೇತ ಸೇತುವೆಯಿಂದ ಕೆಳಕ್ಕೆ ಹೋದವರು. ಅಂದಿನಿಂದ ಆ ಮನೆಯಲ್ಲಿ ನಿದ್ದೆ ಎಂಬ ಮಾತನ್ನು ಯಾರೂ ಆಡುವುದಿಲ್ಲ. ನಿದ್ದೆ ಬಂದರೆ "ಸುಸ್ತಾಗೈತೆ, ಅಡ್ಡಾಗ್ತೀನಿ" ಎನ್ನಬೇಕು. ಯಾರದೇ ಮಗು ತೊಟ್ಟಿಲಲ್ಲಿ ಮಲಗಿದ್ದರೂ "ಕಣ್ಮುಚ್ಚೈತೆ" ಎನ್ನಬೇಕು. ಮದುವೆಯಾದ ಹೊಸದರಲ್ಲಿ ಆಶಾ ಒಮ್ಮೆ "ನಿದ್ದೆ ಬರ್ತೈತೆ ಅತ್ತೆ" ಎಂದಿದ್ದಕ್ಕೆ ದಾಕ್ಷಾಯಣಮ್ಮ ಕೈಲಿದ್ದ ಮೊರವನ್ನು ಕೆಳಗಿಟ್ಟು ಹಿತ್ತಲಿಗೆ ಹೋದವರು ಕತ್ತಲಾದ ಮೇಲೆ ಒಳಗೆ ಬಂದಿದ್ದರು. ಅಂಥ ಹೆಂಗಸಿನ ಮುಂದೆ, ನಿನ್ನ ಮಗನೂ ನಿನ್ನ ಗಂಡನ ಹಾಗೆಯೇ ಎಂದು ಹೇಳುವುದು ಹೇಗೆ?

"ಟೈರ್ ಸಿಡೀತು ಅತ್ತೆ" ಎಂದುಬಿಟ್ಟಳು.

ಆ ಒಂದು ಮಾತು ಊರೆಲ್ಲ ಸುತ್ತಿತು. ಎಚ್ಚರವಾದ ಮೇಲೆ ಕಿರಣನಿಗೂ ಅದನ್ನೇ ಹೇಳಿದರು. ತಲೆಗೆ ಪೆಟ್ಟು ಬಿದ್ದಾಗ ಹಿಂದುಮುಂದಿನದು ಮರೆಯುತ್ತದೆ ಎಂದು ಡಾಕ್ಟರೂ ಅಂದರು. ಆಮೇಲೆ ಟೈರುಗಳ ವಿಚಾರ ಓದಲು ಕೂತವನು ಏಳಲೇ ಇಲ್ಲ. ತಾನು ಹೇಳಿದ ಸುಳ್ಳು ಕಣ್ಣೆದುರಿಗೇ ಕಾರಿನ ಟೈರಾಗಿ ಉಬ್ಬುತ್ತಿರುವುದನ್ನು ಆಶಾ ಈಗ ನೋಡುತ್ತ ನಿಂತಿದ್ದಳು.

"ಐವತ್ತಾಯ್ತು" ಎಂದ ಜಂಪಣ್ಣ. "ಇನ್ನೂ ಮೊಂಡಾಟ ಮಾಡ್ತೈತಲೇ ಇದು!"

ಚಹಾದಂಗಡಿಯ ಒಳಗಿಂದ ಅವನ ಹೆಂಡತಿ ಚಂದ್ರಕ್ಕ, "ಸಾಕು ಬಿಡ್ರೀ! ಜೀವ ಏನ್ ಪುಕ್ಕಟೆ ಬಂದೈತಾ?" ಎಂದು ಗದರಿದಳು.

"ನೀ ನಿನ್ ಟೀ ನೋಡ್ಕ, ಉಕ್ಕೀತು!"

ಟಪ್ ಎಂದಿತು. ಆಶಾ ಬೆಚ್ಚಿ ಕಂಬ ಹಿಡಿದಳು. ಒಂದು ಕಡೆಯ ಅಂಚು ಕೂತಿತ್ತು. ಜಂಪಣ್ಣ ಗಾಳಿ ನಿಲ್ಲಿಸಿ ಬಗ್ಗಿ ನೋಡಿದ, ಮಗ್ಗುಲು ಬದಲಿಸಿದ. ಇನ್ನೊಂದು ಕಡೆ ಬೆರಳು ತೂರುವಷ್ಟು ಸಂದು ಉಳಿದಿತ್ತು. ಗಾಳಿಯನ್ನೆಲ್ಲ ಬಿಟ್ಟು, ಮತ್ತೆ ಸೋಪಿನ ನೀರು ಬಳಿದು, ರಬ್ಬರು ಸುತ್ತಿಗೆಯಿಂದ ಸುತ್ತಲೂ ತಟ್ಟತೊಡಗಿದ. ಕಿರಣ ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳಲು ಹೋದ. ಬೆಳಗಿನಿಂದ ಅದು ಎಷ್ಟನೆಯ ಸಲವೋ.

ಆಶಾ ಸರಸರನೆ ಜಂಪಣ್ಣನ ಹತ್ತಿರ ಬಂದಳು. ದನಿ ತಗ್ಗಿಸಿ, "ಅಣ್ಣಾ, ಇದು ಕೂರಲ್ಲ ಅಂದ್ಬಿಡ್ರಿ. ನಿಮ್ ಕೈಮುಗೀತೀನಿ. ರಿಮ್ಮೇ ಸರಿ ಇಲ್ಲ ಅನ್ರಿ, ಏನಾದ್ರೂ ಅನ್ರಿ" ಎಂದಳು.

ಜಂಪಣ್ಣ ಸುತ್ತಿಗೆ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ. ಬೇರೆ ಯಾರಾದರೂ ಆಗಿದ್ದರೆ ಏನೋ ಇದೆ ಎಂದು ಅಷ್ಟರಲ್ಲೇ ತಿಳಿದುಕೊಳ್ಳುತ್ತಿದ್ದರು. ಈ ಪುಣ್ಯಾತ್ಮನಿಗೆ ಕೇಳಿಸಿದ್ದು ಒಂದೇ ಮಾತು.

"ಕೂರಲ್ವಾ? ಯಾರಂದಿದ್ದು ಅಕ್ಕಾರೆ? ಅದರಪ್ಪನ್ನೂ ಕೂರುಸ್ತೀನಿ!"

"ಅಯ್ಯೋ, ನಿಮ್ ಕೈಲಾಗಲ್ಲ ಅಂತಲ್ಲ ಅಣ್ಣ..."

"ಆಗಲ್ಲ ಅನ್ನೋದು ನಮ್ಮಂಗ್ಡೀಲಿಲ್ಲ" ಎಂದು ಅವನು ಎದ್ದು, ಕಂಪ್ರೆಸರಿನ ಗುಂಡಿ ಒತ್ತಿದ.

ಕಂಪ್ರೆಸರು ಬಡಬಡನೆ ಬಡಿದುಕೊಳ್ಳುತ್ತಿತ್ತು. ಬೆವರು ಹುಬ್ಬಿನಿಂದ ಇಳಿದರೂ ಜಂಪಣ್ಣ ಒರೆಸಿಕೊಳ್ಳಲಿಲ್ಲ. ಐವತ್ತು ದಾಟಿತು. ಅರವತ್ತು ದಾಟಿತು. ಚಂದ್ರಕ್ಕ ಒಲೆ ಆರಿಸಿ ಆಶಾಳ ರಟ್ಟೆ ಹಿಡಿದು ತಗಡಿನ ಹಿಂದಕ್ಕೆ ಎಳೆದುಕೊಂಡಳು. ಟೈರಿನ ಒಳಗೆಲ್ಲೋ ಕಿರ್ರ್ ಎಂದಿತು. ಮುಖ ಒರೆಸಿಕೊಳ್ಳುತ್ತ ಬಂದ ಕಿರಣ, ಮೊಬೈಲು ಎತ್ತಿಕೊಂಡು ನೇರ ಚಕ್ರದ ಮೇಲೆಯೇ ಬಗ್ಗಿದ.

"ಸಾರ್, ಮುಖ! ಮುಖ!"

"ರೀ!" ಎಂದು ಆಶಾ ಚೀರಿದಳು. ರಾಮಗಿರಿಯಲ್ಲಿ ಚೀರಿದ್ದ ಅದೇ ದನಿ. ಕಿರಣ ಬೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಅಷ್ಟರಲ್ಲಿ ಪಟಾಕಿ ಹೊಡೆದ ಹಾಗೆ ಢಪ್ ಎಂದಿತು.

ಯಾರಿಗೂ ಏನೂ ಆಗಿರಲಿಲ್ಲ. ಟೈರು ಕೂತಿತ್ತು. ಜಂಪಣ್ಣ ಗಾಳಿಯನ್ನು ಮಾಮೂಲಿಗೆ ಇಳಿಸಿ, ಚಕ್ರವನ್ನು ಎತ್ತಿ ನಿಲ್ಲಿಸಿ, ಬೆನ್ನು ತಟ್ಟುವ ಹಾಗೆ ತಟ್ಟಿದ. "ಎಲ್ಲಿ ಹೋಗ್ತೀಯ ಮಗನೇ!" ಕಿರಣ ಅವನನ್ನು ತಬ್ಬಿಕೊಂಡೇಬಿಟ್ಟ. ಆಶಾ ಚಂದ್ರಕ್ಕನ ಬೆಂಚಿನ ಮೇಲೆ ಕುಸಿದು ಕೂತಳು. ದೇವರಿಗೆ ಅವಳ ಮಾತು ಕೇಳಿಸಿರಲಿಲ್ಲ, ಅಥವಾ ಕೇಳಿಸಿಯೂ ನೀನೇ ಹೇಳಿಕೋ ಹೋಗಮ್ಮಾ ಎಂದು ಸುಮ್ಮನಾಗಿದ್ದ.

ಚಕ್ರವನ್ನು ಬೈಕಿಗೆ ಹಾಕಿದ್ದಾಯಿತು. ಚೈನಿಗೆ ಟೈರು ಉಜ್ಜುತ್ತದೆಯೇ ಎಂದು ಜಂಪಣ್ಣ ತಿರುಗಿಸಿ ತಿರುಗಿಸಿ ನೋಡಿದ. ಬೆರಳು ತೂರುವಷ್ಟು ಜಾಗವಿತ್ತು. ಹಿಂದಿನಿಂದ ನೋಡಿದರೆ ಬೈಕಿಗೆ ಯಾರದೋ ಬೂಟು ಹಾಕಿದ ಹಾಗೆ ಕಾಣುತ್ತಿತ್ತು. ಆ ಹೊತ್ತಿಗೆ ಆಶಾಳ ಮೊಬೈಲು ಹೊಡೆದುಕೊಂಡಿತು. ದಾಕ್ಷಾಯಣಮ್ಮ. ಬೆಳಗಿನಿಂದ ಇದು ಮೂರನೆಯದು.

"ಕೂತಿತೇನಮ್ಮಾ?"

"ಕೂತಿತು ಅತ್ತೆ."

"ಅಬ್ಬ, ಸದ್ಯ! ಕಾರಿನ ಟೈರಂದ್ರೆ ಇನ್ನೇನ್ ಭಯ? ನಂಗೀಗ ಧೈರ್ಯ ಬಂತು. ಒಂದ್ ಪೂಜೆ ಮಾಡ್ಸಿ, ಹೊರಡೋವಾಗ ಫೋನ್ ಮಾಡು."

ಪೂಜೆಗೆ ಚಂದ್ರಕ್ಕ ಆಗಲೇ ಅಣಿಯಾಗಿದ್ದಳು. ಹ್ಯಾಂಡಲ್ಲಿಗೆ ಒಂದು ಮೊಳ ಸೇವಂತಿಗೆ, ಟೈರಿಗೆ ಅರಿಸಿನ ಕುಂಕುಮ, ಊದುಬತ್ತಿ. ಹಿಂದಿನ ಚಕ್ರದ ಮುಂದೆ ಒಂದು ನಿಂಬೆಹಣ್ಣು ಇಟ್ಟಳು.

"ಅಕ್ಕಾರೆ, ಬರ್ರಿ" ಎಂದು ಜಂಪಣ್ಣ ಕರೆದ. "ನಮ್ಮಂಗ್ಡೀಲಿ ಹೊಸ ಟೈರ್ ಹಾಕಿದ್ ಮ್ಯಾಲೆ ಮೊದಲ್ನೇ ಸುತ್ತು ಗಂಡ ಹೆಂಡ್ತಿ ಜೋಡೀಲೇ ಹೋಗ್ಬೇಕು. ಹಿಂದೆ ಕುಂತ್ಕಳ್ರಿ. ಹಣ್ಣು ಒಡ್ಕಂಡು, ಬ್ರಿಡ್ಜ್ ಕೆಳಗೆ ತಿರುಗಿಸ್ಕಂಡು ಬಂದ್ಬಿಡ್ರಿ."

ಕಿರಣ ಕೂತು ಗಾಡಿ ಚಾಲೂ ಮಾಡಿದ. ಹೆಲ್ಮೆಟ್ಟು ಹಾಕಿಕೊಂಡು ತಿರುಗಿ ನೋಡಿ ನಕ್ಕ. ಎಂಥ ನಗು ಅದು! ಒಂದು ವರ್ಷದಿಂದ ಹೆಂಡತಿಯ ಹೆಗಲಿನ ಗಾಯ ನೋಡಿದಾಗಲೆಲ್ಲ ತಲೆತಗ್ಗಿಸುತ್ತಿದ್ದವನು, ಇನ್ನು ನಿನಗೆ ಏನೂ ಆಗಗೊಡಲ್ಲ ಎಂದು ಹೇಳುವ ನಗು. ಆಶಾ ಕಾಲಿಡುವ ಜಾಗಕ್ಕೆ ಕಾಲಿಟ್ಟಳು. ಅಭ್ಯಾಸದಂತೆ ಅವನ ಬೆನ್ನಿನ ಮೇಲೆ ಅಂಗೈ ಇಟ್ಟಳು.

ಇವತ್ತು ಬರುವಾಗ ಐಮಂಗಲದ ಹತ್ತಿರ ಈ ಬೆನ್ನು ಸಡಿಲವಾಗಿತ್ತು. ಅವಳು ಸೊಂಟಕ್ಕೆ ಚಿವುಟಿದ್ದಳು. "ಏನೇ?" ಎಂದು ಅವನು ಮೈ ಕೊಡವಿದ್ದ. "ಇಲ್ಲೇ ನಿಲ್ಸ್ರಿ, ಟೀ ಕುಡಿಯಾಣ" ಎಂದರೆ, "ಹಿರಿಯೂರಿಗೋಗಿ ಕುಡಿಯಾಣ ಬಿಡು" ಎಂದಿದ್ದ. ಕಾಶಿಯವರೆಗೆ ಎಷ್ಟು ಸಲ ಚಿವುಟಬೇಕು? ಚಿವುಟುವವಳಿಗೇ ಕಣ್ಣು ಮುಚ್ಚಿದರೆ?

ಆಶಾ ಕಾಲು ಕೆಳಗಿಟ್ಟಳು. ಬಗ್ಗಿ, ಚಕ್ರದ ಮುಂದಿನ ನಿಂಬೆಹಣ್ಣನ್ನು ಎತ್ತಿಕೊಂಡುಬಿಟ್ಟಳು.

"ಅಯ್ಯಯ್ಯೋ! ಇಟ್ಟ ಹಣ್ಣು ತೆಗೀಬಾರ್ದು ಕಣವ್ವಾ!" ಎಂದು ಚಂದ್ರಕ್ಕ ಬಾಯಿಗೆ ಕೈ ಇಟ್ಟುಕೊಂಡಳು.

"ಏನೇ ಇದು? ಇಡು ಅಲ್ಲಿ" ಎಂದ ಕಿರಣ.

"ಟೈರ್ ಸಿಡೀಲಿಲ್ಲ ಕಣ್ರಿ."

"ಯಾವ್ ಟೈರು?"

"ಅವತ್ತು. ರಾಮಗಿರೀಲಿ. ಟೈರ್ ಸಿಡೀಲಿಲ್ಲ. ನೀವು ನಿದ್ದೆ ಮಾಡಿದ್ರಿ."

ಎಂಜಿನ್ನು ಗುಡುಗುಡು ಎನ್ನುತ್ತಲೇ ಇತ್ತು. ಕಿರಣ ಹೆಲ್ಮೆಟ್ಟಿನ ಗಾಜು ಮೇಲೆತ್ತಿದ. ಮೊದಲು ನಗಲು ನೋಡಿದ. ಜಂಪಣ್ಣನ ಕಡೆ ನೋಡಿದ. ಆಮೇಲೆ ಅವನ ಮುಖ ಬಿಗಿಯಿತು.

"ಏನ್ ಮಾತಾಡ್ತಿದೀಯ ಅಂತ ಗೊತ್ತೈತಾ ನಿಂಗೆ? ನನ್ ಕಣ್ಣಾರೆ ನೋಡೀನಿ ಆ ಟೈರ್ನ. ಚಿಂದಿ ಚಿಂದಿ ಆಗಿತ್ತು."

"ಜಲ್ಲಿಗೆ ಹೊಡೆದ್ ಮ್ಯಾಲೆ ಚಿಂದಿ ಆಗಿದ್ದು. ನಿಮ್ ತಲೆ ಮುಂದಕ್ ಬಿತ್ತು. ನಾನ್ ಕೂಗ್ದೆ. ಎರಡ್ ಸಲ ಕೂಗ್ದೆ."

"ಮತ್ತೆ ಎಲ್ರ ಮುಂದೂ ಸಿಡೀತು ಅಂತ ಹೇಳ್ದೆ?"

"ಅತ್ತೆ ಕೇಳಿದ್ರು. ಏನ್ ಹೇಳ್ಲಿ ನಾನು? ನೀವೇ ಹೇಳ್ರಿ, ಅತ್ತೆ ಮುಂದೆ ಆ ಮಾತು ಹೆಂಗೆ ಹೇಳ್ಲಿ?" ಅವಳು ನಿಂಬೆಹಣ್ಣನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. "ಒಂದ್ ವರ್ಷದಿಂದ ನಿಮ್ ಬೆನ್ ಮ್ಯಾಲೆ ಕೈ ಇಟ್ಕಂಡು ಕುಂತಿದೀನಿ ಕಣ್ರಿ. ಕೈ ಯಾಕಿಡ್ತೀನಿ ಅಂತ ತಿಳ್ಕಂಡಿದ್ರಿ?"

ಕಿರಣನ ದವಡೆ ಆಡಿತು. ಹೊರಗಿನವರ ಮುಂದೆ, ರಸ್ತೆಯಲ್ಲಿ, ಹೆಂಡತಿ ಇಂಥ ಮಾತಾಡಿದ್ದು ಅವನಿಗೆ ಕೆನ್ನೆಗೆ ಹೊಡೆದ ಹಾಗಾಗಿತ್ತು. "ಭಯ ಆದ್ರೆ ಬರಲ್ಲ ಅನ್ನು. ಸುಳ್ ಯಾಕೆ ಕಟ್ತೀಯ? ಬ್ಯಾಡ, ಬರಬ್ಯಾಡ ನೀನು!" ಎಂದು ಗಾಜು ಕೆಳಗೆಳೆದು, ಗಾಡಿ ಎಬ್ಬಿಸಿಕೊಂಡು ಹೋಗೇಬಿಟ್ಟ.

ಸರ್ವಿಸ್ ರಸ್ತೆಗೆ ಇಳಿಯುವ ತಿರುವಿನಲ್ಲಿ ಬೈಕು ಬಗ್ಗಲಿಲ್ಲ. ಹಟ ಹಿಡಿದ ಕರುವಿನ ಹಾಗೆ ನೆಟ್ಟಗೆ ಹೋಯಿತು. ಎದುರಿನ ಮೋರಿಯ ಕಟ್ಟೆ ಇನ್ನೇನು ಬಂತು ಎನ್ನುವಾಗ ಕಿರಣ ಹ್ಯಾಂಡಲ್ಲನ್ನು ಮೈಯೆಲ್ಲ ಹಾಕಿ ಎಳೆದ. ಹೇಗೋ ತಿರುಗಿತು. ಲಾರಿಯೊಂದು ಅಡ್ಡ ಬಂದು, ಅದು ಸರಿಯುವ ಹೊತ್ತಿಗೆ ಬೈಕು ಕಾಣಿಸಲಿಲ್ಲ.

ಕಾಯುವುದೆಂದರೆ ಏನು ಎಂದು ಆಶಾಗೆ ಆಸ್ಪತ್ರೆಯಲ್ಲಿ ಗೊತ್ತಾಗಿತ್ತು. ಇದು ಅದಕ್ಕಿಂತ ಕೆಟ್ಟದ್ದು. ಅಲ್ಲಿ ಮನುಷ್ಯ ಕಣ್ಣ ಮುಂದಿದ್ದ. ಸೇತುವೆಯ ಕೆಳಗೆ ತಿರುಗಿಸಿಕೊಂಡು ಬರಲು ಬೇಕಾದ ಹೊತ್ತು ಮುಗಿಯಿತು. ಇನ್ನೂ ಅಷ್ಟು ಹೊತ್ತಾಯಿತು. ಹೈವೇಯಲ್ಲಿ ಎಲ್ಲೋ ಬ್ರೇಕು ಕಿರುಚಿದಾಗ ಮೂವರೂ ಒಟ್ಟಿಗೆ ಅತ್ತ ನೋಡಿದರು. ನನ್ನ ಬಾಯಿಗೆ ಮಣ್ಣು ಹಾಕ, ನಿನ್ನೆ ಅಡುಗೆಮನೆಯಲ್ಲಿ ಹೇಳಬಹುದಿತ್ತು, ಮೊನ್ನೆ ಹೇಳಬಹುದಿತ್ತು, ನಿದ್ದೆಗೆಟ್ಟವನನ್ನು ಕೋಪ ಬರಿಸಿ ಗೊತ್ತಿಲ್ಲದ ಟೈರಿನ ಮೇಲೆ ಕಳಿಸಿದೆನಲ್ಲಾ ಎಂದು ಅವಳು ತನ್ನನ್ನು ತಾನೇ ಬೈದುಕೊಂಡಳು. ಚಂದ್ರಕ್ಕ ಒಂದು ಲೋಟ ನೀರು ತಂದು ಕೈಗಿಟ್ಟಳು. ಅದನ್ನು ಕುಡಿಯಬೇಕೆಂದೂ ಹೊಳೆಯಲಿಲ್ಲ.

"ಹೋಗಿ ನೋಡ್ಕಂಡ್ ಬರ್ಲಾ ಅಕ್ಕಾರೆ?" ಎಂದ ಜಂಪಣ್ಣ. ಅವನ ದನಿಯ ಜಂಬವೆಲ್ಲ ಎತ್ತಲೋ ಹೋಗಿತ್ತು. ತನ್ನ ಮೊಪೆಡ್ಡಿನ ಬೀಗದಕೈಗಾಗಿ ಜೇಬು ತಡಕುತ್ತಿದ್ದ. ಆಗ ಚಂದ್ರಕ್ಕ ಕೈ ತೋರಿಸಿದಳು.

ಬೈಕು ಬರುತ್ತಿತ್ತು. ಕಿರಣ ಅದರ ಮೇಲೆ ಕೂತಿರಲಿಲ್ಲ. ಇಳಿದು, ಎಂಜಿನ್ನು ಆಫ್ ಮಾಡಿ, ರಸ್ತೆಯ ಅಂಚಿನಲ್ಲಿ ತಳ್ಳಿಕೊಂಡು ಬರುತ್ತಿದ್ದ. ಅಷ್ಟು ಭಾರದ ಗಾಡಿ. ಅಂಗಿಯೆಲ್ಲ ತೊಯ್ದು ಬೆನ್ನಿಗೆ ಅಂಟಿತ್ತು. ಜಂಪಣ್ಣ ಓಡಿಹೋಗಿ ಹಿಂದಿನಿಂದ ಕೈಕೊಟ್ಟ.

"ಬಿದ್ರಾ ಸಾರ್?"

ಕಿರಣ ಇಲ್ಲವೆಂದು ತಲೆಯಾಡಿಸಿ, ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದ. ಹೆಲ್ಮೆಟ್ಟು ತೆಗೆದು, ಅಂಗಡಿಯ ಮುಂದಿನ ಹಗ್ಗದ ಮಂಚದ ಮೇಲೆ ಕೂತ. ಆಶಾ ಹೋಗಿ ಎದುರಿಗೆ ನಿಂತಳು. ಬೈಯುತ್ತಾನೆ ಎಂದುಕೊಂಡಿದ್ದಳು. ಬೈದರೂ ಸರಿ, ಬಂದನಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ.

"ಆಶಾ, ಬರುವಾಗ ಐಮಂಗಲ ಬಂತಾ?"

"ಹೂಂ. ಬಂತು."

"ನಂಗೆ ನೆನಪಿಲ್ಲ ಕಣೆ" ಎಂದ. ಏನನ್ನೋ ಕಳೆದುಕೊಂಡು ಬಂದ ಮಗು ಹೇಳಿದ ಹಾಗೆ ಹೇಳಿದ. "ಬ್ರಿಡ್ಜ್ ಕೆಳಗೆ ನಿಲ್ಲಿಸ್ಕಂಡು ಯೋಚ್ನೆ ಮಾಡ್ದೆ. ನೀನ್ ಹೇಳಿದ್ದು ಸುಳ್ಳು ಅಂತ ತೋರುಸ್ಬೇಕು ಅಂತ, ಬೆಳಿಗ್ಗೆಯಿಂದ ದಾರಿ ಎಲ್ಲಾ ನೆನಪು ಮಾಡ್ಕಂಡೆ. ದುರ್ಗ ಬಿಟ್ಟಿದ್ದು ಗೊತ್ತೈತೆ. ನೀನ್ ಚಿವುಟಿದ್ದು ಗೊತ್ತೈತೆ. ಟೀ ಅಂದಿದ್ದು ಗೊತ್ತೈತೆ. ಐಮಂಗಲ ಇಲ್ಲ. ಆ ಊರೇ ಇಲ್ಲ." ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಅವತ್ತು ತಲೆಗೆ ಪೆಟ್ಟಾಗಿತ್ತು ಅಂದ್ರು. ಇವತ್ತು ಏನಾಗಿತ್ತು ನಂಗೆ?"

ಆಶಾ ಮಂಚದ ಮೇಲೆ ಅವನ ಪಕ್ಕ ಕೂತಳು. ಕಂಪ್ರೆಸರು ನಿಂತು ಎಷ್ಟೋ ಹೊತ್ತಾಗಿದ್ದರೂ ಕಿವಿಯೊಳಗೆ ಅದರ ಸದ್ದು ಇನ್ನೂ ಇತ್ತು.

"ಅಪ್ಪನಂಗೇನಾ ನಾನು?" ಎಂದ ಕಿರಣ.

"ಅಲ್ಲ ಕಣ್ರಿ. ನಿದ್ದೆ ಸಾಲ್ದು ನಿಮಗೆ. ಅಷ್ಟೇ."

"ಹಿಂದೆ ನೀನ್ ಕುಂತಿದ್ದೆ. ಕಾಶಿಗಂಟ ಹೋಗೋನಿದ್ದೆ ನಾನು..." ಎಂದು ಇನ್ನೂ ಏನೋ ಹೇಳಹೋದ. ಹೇಳಲಾಗಲಿಲ್ಲ. ಮುಖ ಮುಚ್ಚಿಕೊಂಡು ಕೂತ. ಭುಜಗಳು ಕುಲುಕಿದವು. ಅವಳು ಬೆನ್ನ ಮೇಲೆ ಕೈ ಇಟ್ಟಳು. ಅಳು ನಿಧಾನಕ್ಕೆ ಇಳಿಯಿತು, ಉಸಿರು ಉದ್ದವಾಯಿತು, ಬೆನ್ನು ಅವಳಿಗೆ ಗೊತ್ತಿದ್ದ ಹಾಗೆ ಸಡಿಲವಾಯಿತು, ತಲೆ ಮುಂದಕ್ಕೆ ವಾಲಿತು. ಈ ಸಲ ಅವಳು ಚಿವುಟಲಿಲ್ಲ. ತಲೆಯನ್ನು ಹಿಡಿದು ಮೆಲ್ಲಗೆ ಮಂಚದ ಮೇಲೆ ಇಳಿಸಿದಳು. ಚಂದ್ರಕ್ಕ ಒಂದು ಗೋಣಿಚೀಲ ಮಡಿಸಿ ತಲೆಗೆ ಕೊಟ್ಟಳು. ಜಂಪಣ್ಣ ಅವನ ಬೂಟು ಬಿಚ್ಚಿದ.

ಮೊಬೈಲು ಹೊಡೆದುಕೊಂಡಿತು. ಅವನಿಗೆ ಎಚ್ಚರವಾದೀತೆಂದು ಆಶಾ ಲಗುಬಗೆಯಲ್ಲಿ ಎತ್ತಿಕೊಂಡು ತಗಡಿನ ಕೆಳಗೆ ಬಂದಳು.

"ಹೊರಟ್ರೇನಮ್ಮಾ?"

"ಇಲ್ಲ ಅತ್ತೆ."

"ಯಾಕೆ? ಟೈರ್ ಕೂತಿತು ಅಂದ್ಯಲ್ಲ."

"ಕೂತೈತೆ. ಅವರು..." ಎಂದವಳಿಗೆ, ಅಡ್ಡಾಗವ್ರೆ ಎಂಬ ಮಾತು ತಾನಾಗಿಯೇ ನಾಲಗೆಯ ತುದಿಗೆ ಬಂತು. ನುಂಗಿಕೊಂಡಳು. "ಅವರು ನಿದ್ದೆ ಮಾಡ್ತವ್ರೆ ಅತ್ತೆ."

ಮನೆಯ ಮುಂದೆ ಯಾರೋ ಸೊಪ್ಪು ಮಾರುವವಳು ಕೂಗಿಕೊಂಡು ಹೋದದ್ದು ಫೋನಿನಲ್ಲಿ ಕೇಳಿಸಿತು. ಅವಳು ದೂರ ಹೋಗುವವರೆಗೂ ದಾಕ್ಷಾಯಣಮ್ಮ ಮಾತಾಡಲಿಲ್ಲ. ಫೋನು ಕಟ್ಟಾಯಿತೇನೋ ಎಂದು ಆಶಾ ಒಮ್ಮೆ ಕಿವಿಯಿಂದ ತೆಗೆದು ನೋಡಿದಳು.

"ಅವತ್ತೂನಾ?" ಎಂದು ಕೇಳಿದರು ಕೊನೆಗೆ.

"ಹೂಂ ಅತ್ತೆ."

ಮೂಗು ಸೇದಿದ ಸದ್ದಾಯಿತು.

"ಎಬ್ಬಿಸಬ್ಯಾಡಮ್ಮಾ" ಎಂದರು. "ಎಷ್ಟೊತ್ತಾದ್ರೂ ಆಗ್ಲಿ. ಅವನಾಗಿ ಏಳ್ಲಿ. ನಿದ್ದೆ ಮಾಡ್ಲಿ."

ಫೋನು ಇಟ್ಟು ಆಶಾ ವಾಪಸ್ಸು ಬರುವ ಹೊತ್ತಿಗೆ ಹರಿಯಬ್ಬೆಯ ಕಡೆಯ ಲಾರಿಯೊಂದು ಹೈವೇ ಇಳಿದು ಅಂಗಡಿಯ ಮುಂದೆ ತಿರುಗಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಜಂಪಣ್ಣೋ! ಹಿಂದ್ಲೆರಡಕ್ಕೂ ಗಾಳಿ ಹೊಡಿ, ಬ್ಯಾಗ" ಎಂದು ಕೂಗಿ ಹಾರ್ನಿಗೆ ಕೈಹಾಕಿದ.

ಜಂಪಣ್ಣ ಎರಡೂ ಕೈ ಎತ್ತಿ ಬೀಸುತ್ತ ಓಡಿದ. ಮಂಚದ ಕಡೆ ಒಮ್ಮೆ, ಕಂಪ್ರೆಸರಿನ ಕಡೆ ಒಮ್ಮೆ ತಿರುಗಿ ನೋಡಿದ. ಲಾರಿಯ ಬಾಗಿಲಿಗೆ ಬಾಯಿ ಕೊಟ್ಟು, ಗುಟ್ಟು ಹೇಳುವ ದನಿಯಲ್ಲಿ, "ಈಗ ಆಗಲ್ಲಪ್ಪಾ" ಎಂದ. "ಮುಂದ್ಲಂಗ್ಡಿಗೆ ಹೋಗು."

ಟೀ ಸೋಸುತ್ತಿದ್ದ ಚಂದ್ರಕ್ಕ ಕೈ ನಿಲ್ಲಿಸಿ ಗಂಡನನ್ನೇ ನೋಡಿದಳು. ಲಾರಿ ಹಾರ್ನು ಹೊಡೆಯದೆ ಹಿಂದಕ್ಕೆ ಸರಿದು ಹೋಯಿತು. ಆಶಾ ಮಂಚದ ತಲೆಯ ಕಡೆ ಕೂತು, ಇಷ್ಟು ಹೊತ್ತೂ ಮುಷ್ಟಿಯಲ್ಲೇ ಉಳಿದಿದ್ದ ನಿಂಬೆಹಣ್ಣನ್ನು ಮಡಿಲಲ್ಲಿ ಇಟ್ಟುಕೊಂಡು, ಸೆರಗಿನ ತುದಿಯಿಂದ ಗಂಡನ ಮುಖದ ಮೇಲೆ ಕೂರುತ್ತಿದ್ದ ನೊಣ ಓಡಿಸತೊಡಗಿದಳು.